ತೊಳೆದು ಕುಡಿದ ಗಂಗಾಳ

ನನ್ನ ಮೊಮ್ಮಕ್ಕಳು ಉಣ್ಣುವಾಗ "ಛೀ" ಅಂದರೆ ನನಗೆ ಹಿಗ್ಗು ತಡೆಯಲು ಆಗುವುದಿಲ್ಲ. ದೊಡ್ಡವನು ಹಾಗಲಕಾಯಿ ಪಲ್ಯದ ಬಟ್ಟಲನ್ನು ಬೆರಳ ತುದಿಯಿಂದ ಆಚೆ ದೂಡುತ್ತಾನೆ, ಸತ್ತ ಹಲ್ಲಿಯನ್ನು ದೂಡಿದ ಹಾಗೆ. ಸಣ್ಣವಳಿಗೆ ಹಾಲಿನ ಕೆನೆ ತುಟಿಗೆ ತಾಗಿದರೆ ಸಾಕು, ಓಣಿಗೆಲ್ಲ ಕೇಳುವ ಹಾಗೆ ಚೀರುತ್ತಾಳೆ. ಮಗ ಈಗ ಅನ್ನ ಬಿಟ್ಟಿದ್ದಾನೆ. ನೆನೆಸಿದ ಕಾಳು, ಸೌತೆಕಾಯಿ, ಅಷ್ಟೇ. ಸೊಸೆ ಯಾರೋ ಹೇಳಿದರೆಂದು ಬೆಳಿಗ್ಗೆ ಎದ್ದು ಹಸಿರು ಸೊಪ್ಪು ಅರೆದು ಕುಡಿಯುತ್ತಾಳೆ, ಕುಡಿಯುವಾಗ ಮೂಗು ಹಿಡಿದುಕೊಳ್ಳುತ್ತಾಳೆ. ಒಂದು ಮನೆ, ಒಬ್ಬೊಬ್ಬರದು ಒಂದೊಂದು ಊಟ. ನಾನು ನಡುವೆ ಕುಳಿತು ಎಲ್ಲರ ತಾಟು ನೋಡುತ್ತ, ಎಲ್ಲರ ತಕರಾರು ಕೇಳುತ್ತ, ನನ್ನ ರೊಟ್ಟಿ ಮುರಿಯುತ್ತ ಸಂತೋಷದಿಂದ ಉಬ್ಬಿಹೋಗುತ್ತೇನೆ. ಮಕ್ಕಳನ್ನು ಕೆಡಿಸುತ್ತಿರುವವಳು ನಾನೇ ಎಂದು ಸೊಸೆಯ ದೂರು. ಕೆಡಲಿ ಬಿಡು. ಬೇಡವಾದದ್ದನ್ನು ಬೇಡ ಅನ್ನುವ ಬಾಯಿ ಇರುವುದು ಎಂಥ ಭಾಗ್ಯ ಎಂಬುದು, ನಾನು ಬೆಳೆದ ಮನೆಯಲ್ಲಿ ಒಂದು ಹೊತ್ತು ಉಂಡಿದ್ದರೆ ಅವಳಿಗೂ ಗೊತ್ತಾಗುತ್ತಿತ್ತು.

ಆ ಮನೆ ಇದ್ದದ್ದು ದೇವದುರ್ಗದಲ್ಲಿ. ಮಣ್ಣಿನ ಮಾಳಿಗೆ; ಮುಂದೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲೆ ತುಂಬಿಕೊಂಡಿರುತ್ತಿದ್ದ ನಡುಮನೆ, ಅದರ ಮೂಲೆಯಲ್ಲಿ ದೇವರ ಜಗಲಿ, ಅದನ್ನು ದಾಟಿದರೆ ಅಡುಗೆಮನೆ. ಅಡುಗೆಮನೆಯ ಹೊಗೆ ಮೇಲೆ ಹೋಗುವುದೂ ಬಿಸಿಲು ಕೆಳಗೆ ಬರುವುದೂ ಮಾಳಿಗೆಯಲ್ಲಿ ಕೊರೆದ ಒಂದೇ ಬೆಳಕಿಂಡಿಯಿಂದ. ಹಿಂದೆ ಹಿತ್ತಲು, ಬಚ್ಚಲು, ಒಂದು ಎಮ್ಮೆ. ಮನೆಗೆ ಹಿರಿಯ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ಹೊಲ ಇತ್ತು, ಜೊತೆಗೆ ಶೇಂಗಾ ವ್ಯಾಪಾರವನ್ನೂ ಮಾಡುತ್ತಿದ್ದ. ಹಣೆ ತುಂಬ ವಿಭೂತಿ, ಪೂಜೆ ಆಗುವ ತನಕ ಬಾಯಿಗೆ ನೀರಿಲ್ಲ. ಮುತ್ಯಾನ ಪ್ರಕಾರ ನಾವು ಉಣ್ಣುವುದು ಅನ್ನ ಅಲ್ಲ, ಪ್ರಸಾದ. ಅದು ಗಂಗಾಳಕ್ಕೆ ಬಿದ್ದ ಮೇಲೆ ಒಂದು ಅಗುಳೂ ಉಳಿಯಬಾರದು. ಉಂಡಾದ ಮೇಲೆ ಆ ಕಂಚಿನ ಗಂಗಾಳಕ್ಕೆ ಅರ್ಧ ತಂಬಿಗೆ ನೀರು ಹಾಕಿ, ಐದೂ ಬೆರಳಿನಿಂದ ಸುತ್ತ ಉಜ್ಜಿ, ಆ ನೀರನ್ನು ಎತ್ತಿ ಕುಡಿಯಬೇಕು. ಗಂಗಾಳ ಒರೆಸಿದ ಹಾಗೆ ಹೊಳೆಯಬೇಕು. ಇನ್ನೂ ಒಂದು ಕಟ್ಟಳೆ ಇತ್ತು, ಇದು ಎಲ್ಲಕ್ಕಿಂತ ದೊಡ್ಡದು: ಉಂಡದ್ದರ ಬಗ್ಗೆ ಯಾರೂ ಏನೂ ಅನ್ನಬಾರದು. ಉಪ್ಪು ಸಾಲದು ಅನ್ನುವ ಹಾಗಿಲ್ಲ, ಖಾರ ಆಯಿತು ಅನ್ನುವ ಹಾಗಿಲ್ಲ. ಚೆನ್ನಾಗಿದೆ ಅನ್ನುವ ಹಾಗೂ ಇಲ್ಲ.

"ಪ್ರಸಾದಕ್ಕ ಹೆಸರಿಡಬಾರದು," ಅನ್ನುತ್ತಿದ್ದ ಮುತ್ಯಾ. "ನಾಲಿಗಿ ಮಾತು ಕೇಳಾಕ ಹತ್ತಿದ್ರ ಮನಿಶಾಗ ಹೊಟ್ಟಿ ತುಂಬೂದಿಲ್ಲ, ಬರೇ ಆಶಾ ತುಂಬತದ."

ಸುಮ್ಮನೆ ಜಬರದಸ್ತಿಗೆ ಹೇಳಿದ ಮಾತು ಅದಲ್ಲ. ಸಣ್ಣವನಿದ್ದಾಗ ಬರದಲ್ಲಿ ಹುಣಸೆ ಬೀಜ ಹುರಿದು, ಕುಟ್ಟಿ, ಗಂಜಿ ಕಾಸಿ ಕುಡಿದು ಉಳಿದವನು ಅವನು. ಗಂಗಾಳದ ಮುಂದೆ ಕುಳಿತಾಗ ನೆಲಕ್ಕೆ ಬಿದ್ದ ಅಗುಳನ್ನೂ ಹೆಕ್ಕಿ ಬಾಯಿಗಿಡುತ್ತಿದ್ದ. ಅದನ್ನು ನೋಡಿದರೆ ಎದುರು ಮಾತಾಡಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಇದೆಲ್ಲ ಸರಿ. ಆದರೆ ಒಲೆಯ ಮುಂದೆ ಕೂಡುತ್ತಿದ್ದವಳು ನಮ್ಮ ಆಯಿ, ಮುತ್ಯಾನ ಹೆಂಡತಿ. ಒಂದು ಕಾಲಕ್ಕೆ ಅವಳ ಸಾರಿನ ವಾಸನೆಗೆ ಓಣಿಯ ಹೆಣ್ಣುಮಕ್ಕಳು ಬಟ್ಟಲು ಹಿಡಿದು ಬರುತ್ತಿದ್ದರಂತೆ. ನಾನು ಇನ್ನೂ ತೊದಲುವಾಗ ಅವಳಿಗೆ ವಿಷಮಜ್ವರ ಬಂದಿತ್ತು. ಜೀವ ಉಳಿಯಿತು, ಮೂಗು ಹೋಯಿತು. ಮೂಗಿನ ಹಿಂದೆ ನಾಲಿಗೆಯೂ ಹೋಯಿತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಅಡುಗೆ ಮೀಸಲು, ದೇವರಿಗೆ ಎಡೆ ಹಿಡಿಯುವ ಮೊದಲು ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದರೂ ಎಂಜಲು. ಹಾಗಾಗಿ ಅವಳೂ ರುಚಿ ನೋಡುತ್ತಿರಲಿಲ್ಲ, ಒಲೆಯ ಮುಂದಿನ ಮಣೆಯನ್ನು ಬೇರೆಯವರಿಗೆ ಬಿಡುತ್ತಲೂ ಇರಲಿಲ್ಲ. ಅವ್ವ ರೊಟ್ಟಿ ಮಾತ್ರ ಬಡಿಯಬೇಕು. ಪಲ್ಯ, ಸಾರು, ಬೇಳೆ ಎಲ್ಲ ಆಯಿಯದು.

ಆ ಅಡುಗೆಯನ್ನು ಈಗ ನೆನೆದರೂ ನನಗೆ ಓಕರಿಕೆ ಬರುತ್ತದೆ. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಅವಳು ಇನ್ನೊಂದು ಹಿಡಿ ಹಾಕುವಳು, ಅನುಮಾನ ಹೋಗದಿದ್ದರೆ ಮತ್ತೊಂದು. ಕೆಲವು ದಿನ ಒಂದು ಹರಳೂ ಇಲ್ಲ. ಶೇಂಗಾ ಎಣ್ಣೆ ಕಮಟು ಹಿಡಿದು ಹಳೆಯ ಕಂಬಳಿಯ ಹಾಗೆ ನಾರುತ್ತಿದ್ದರೂ ಅದರಲ್ಲೇ ಒಗ್ಗರಣೆ. ನಿನ್ನೆಯ ಬೇಳೆ ಹಳಸಿ ನೂಲು ನೂಲಾಗಿ ಎಳೆಯುತ್ತಿದ್ದರೆ ಅದಕ್ಕೆ ಇವತ್ತಿನ ಬೇಳೆ ಸೇರಿಸಿ ಕುದಿಸುವಳು. ಚಿಮಣಿಗೆ ಎಣ್ಣೆ ಹಾಕಿದ ಕೈಯನ್ನು ಸೆರಗಿಗೆ ಒರೆಸಿ ಅದೇ ಕೈಯಿಂದ ಹುಣಸೆಹಣ್ಣು ಕಿವುಚುವಳು. ಸಾರಿನ ಮೇಲೆ ಸೀಮೆಎಣ್ಣೆಯ ಬಣ್ಣ ಬಣ್ಣದ ಉಂಗುರ ತೇಲುತ್ತಿತ್ತು. ಮೆಂತ್ಯದ ಪಲ್ಯ ತಳ ಹತ್ತಿ ಕರಿ ಆದರೂ ಹೊಗೆಯ ವಾಸನೆ ಅವಳಿಗೆ ಗೊತ್ತಾಗುತ್ತಿರಲಿಲ್ಲ; ಅದನ್ನೇ ಕೆರೆದು, ಕೆದಕಿ, ಕಡಲೆಹಿಟ್ಟು ಉದುರಿಸಿ ಬಡಿಸುವಳು. ಅದು ನಾಲಿಗೆಯ ಮೇಲೆ ಸುಟ್ಟ ಕೂದಲಿನ ಹಾಗೆ ಅಂಟಿಕೊಳ್ಳುತ್ತಿತ್ತು. ಬರಿ ರೊಟ್ಟಿ ತಿಂದು ಏಳೋಣ ಎಂದರೆ ಬಿಡುವವರು ಯಾರು? ಬಡಿಸಿದ್ದನ್ನೆಲ್ಲ ಬಡಿಸಿದಷ್ಟೂ ಉಣ್ಣಬೇಕು.

ಉಂಡದ್ದಾದರೂ ಸೈ. ಆಮೇಲಿನ ನೀರು! ಸಾರಿನ ಜಿಡ್ಡು, ಪಲ್ಯದ ಚೂರು, ಮಜ್ಜಿಗೆಯ ಬಿಳಿ ತರಿ, ನನ್ನದೇ ಬೆರಳಿನ ಅಂಟು, ಎಲ್ಲ ಕೂಡಿ ಗಂಗಾಳದಲ್ಲಿ ಕೆಂಪಗೆ ಗಿರ್ರನೆ ತಿರುಗುತ್ತಿತ್ತು. ಅದರ ಮೇಲೆ ಒಂದು ಅಗುಳು ತೆಪ್ಪದ ಹಾಗೆ ತೇಲುತ್ತಿತ್ತು. ನಾನು ಕಣ್ಣು ಮುಚ್ಚಿ, ಉಸಿರು ಹಿಡಿದು, ಒಂದೇ ಗುಟುಕಿಗೆ ಒಳಗೆ ದೂಡುತ್ತಿದ್ದೆ. ಅಗುಳು ಮಾತ್ರ ಯಾವಾಗಲೂ ಹಿಂದೆ ಉಳಿದು ಮೇಲ್ದವಡೆಗೆ ಅಂಟುತ್ತಿತ್ತು. ಎದುರಿಗೆ ಮುತ್ಯಾ ಅದೇ ನೀರನ್ನು ತೀರ್ಥದ ಹಾಗೆ ನಿಧಾನ ಕುಡಿದು, ಕೊನೆಯ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಆಯಿ ಸೌಟು ಹಿಡಿದು ನಿಂತು ಹೊಳೆಯುವ ಗಂಗಾಳಗಳನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಎಂಥ ತೃಪ್ತಿ! ಅದನ್ನು ನೋಡಿದರೆ ನನಗೆ ಇನ್ನಷ್ಟು ಸಂಕಟ.

ಈ ಊಟದಿಂದ ತಪ್ಪಿಸಿಕೊಂಡವನು ಒಬ್ಬನೇ, ಅವನು ನಮ್ಮಪ್ಪ. ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಶನಿವಾರ ಬಂದರೆ ಸೋಮವಾರ ಹೋಗುತ್ತಿದ್ದ. ಚಪ್ಪಲಿ ಬಿಡುವ ಮೊದಲೇ ಹೊಟ್ಟೆ ತುಂಬಿದವರ ಹಾಗೆ ಡೇಗುತ್ತಿದ್ದ.

"ಖಾನಾವಳ್ಯಾಗ ಉಂಡೇ ಬಂದೀನಿ ಯವ್ವಾ. ಹೊಟ್ಯಾಗ ಜಾಗ ಇಲ್ಲ."

ಭಾನುವಾರ ಗೆಳೆಯರ ಮನೆಯಲ್ಲಿ ಊಟ. ಉಳಿದ ಹೊತ್ತಿಗೆ ಅಜೀರ್ಣ. ಒಂದು ಸಲ ಅವನು ನನ್ನನ್ನು ರಾಯಚೂರಿಗೆ ಕರೆದುಕೊಂಡು ಹೋಗಿ, ಬಸ್‌ಸ್ಟ್ಯಾಂಡಿನ ಎದುರಿಗೆ ಒಗ್ಗರಣೆ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ ಕೊಡಿಸಿದ. ಕಾಗದ ಹರಿಯುವ ತನಕ ನೆಕ್ಕಿದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಇನ್ನೊಂದು ಬೇಕು.

"ಅಪ್ಪಾ, ಅವ್ವಗೂ ಕಟ್ಟಿಸ್ಕೊಂಡು ಹೋಗೂನು."

"ಮುತ್ಯಾ ಮನ್ಯಾಗ ಹೊರಗಿಂದು ಒಯ್ಯಾಕ ಬರ್ತದೇನ ಬೇ? ಸುಮ್ನ ತಿನ್ನು. ನೀನೂ ಉಂಡೇ ಮನಿಗಿ ಬರೂದು ಕಲಿ, ಸುಖ ಆಗಿರ್ತಿ."

ನಗುತ್ತಲೇ ಹೇಳಿದ. ನಾನೂ ನಕ್ಕೆ. ಆದರೆ ಅವತ್ತು ಬಸ್ಸಿನಲ್ಲಿ ಅವನು ನನ್ನ ಪಕ್ಕ ಕುಳಿತು ಡೇಗಿದಾಗ ನನಗೆ ಹೇಸಿಗೆ ಬಂತು. ಹಳಸಿದ ಬೇಳೆಗೂ ಅಷ್ಟು ಹೇಸಿಕೊಂಡಿರಲಿಲ್ಲ. ಯಾಕೆಂದರೆ ಅವ್ವ ಆಗ ಬಸುರಿ.

ಬಸುರಿ ಅಂದ ಮೇಲೆ ವಾಂತಿ ಇರುವುದೇ ಎಂದು ಎಲ್ಲರೂ ಅಂದರು. ಹೊಟ್ಟೆ ಕಾಣುವ ಹಾಗಾದರೂ ಅದು ನಿಲ್ಲಲಿಲ್ಲ. ನಮ್ಮಲ್ಲಿ ಗಂಡಸರು, ಮಕ್ಕಳು ಉಂಡ ಮೇಲೆ ಆಯಿ, ಆಯಿಯ ಜೊತೆ ಅವ್ವ. ಅವ್ವ ತಲೆ ಬಗ್ಗಿಸಿ ಎಲ್ಲ ಉಂಡು, ಗಂಗಾಳ ತೊಳೆದು ಕುಡಿದು, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗುವಳು. ಬಚ್ಚಲ ಗೋಡೆ ಹಿಡಿದು ಬಗ್ಗಿ ನಿಲ್ಲುವಳು. ನಾನು ನೀರಿನ ತಂಬಿಗೆ ಹಿಡಿದು ಹಿಂದೆ ನಿಂತಿರುತ್ತಿದ್ದೆ. ಬರಬರುತ್ತ ಅವಳ ಕುತ್ತಿಗೆಯ ಎಲುಬುಗಳು ಎದ್ದು ಕಂಡವು, ಬಳೆಗಳು ಮೊಣಕೈ ತನಕ ಜಾರಿದವು. ಸರಕಾರಿ ದವಾಖಾನೆಯ ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದಳು.

"ಕೂಸು ಬೆಳ್ಯಾಕತ್ತಿಲ್ಲಮ್ಮ. ಹಿಂಗಾದ್ರ ಕೈಗಿ ಹತ್ತೂದು ಕಷ್ಟ. ಏನು ಉಣ್ತೀ ನೀನು?"

"ಎಲ್ಲಾ ಉಣ್ತೀನ್ರಿ," ಅಂದಳು ಅವ್ವ. ಸುಳ್ಳಲ್ಲ.

ನನಗೆ ಮಾತ್ರ ಗೊತ್ತಿತ್ತು. ಆ ನಡುವೆ ನಾವಿಬ್ಬರೂ ಒಂದು ವಾರ ಮಾನ್ವಿಗೆ, ಅವ್ವನ ತವರಿಗೆ ಹೋಗಿ ಬಂದಿದ್ದೆವು. ಅಲ್ಲಿ ಅವ್ವ ಒಂದು ಸಲವೂ ವಾಂತಿ ಮಾಡಲಿಲ್ಲ. ಕೇಳಿ ಕೇಳಿ ಹಾಕಿಸಿಕೊಂಡು ಉಂಡಳು.

ಮಾನ್ವಿಯ ಮನೆ ನಮ್ಮ ಮನೆಗೆ ತದ್ವಿರುದ್ಧ. ಅವ್ವನ ಅಪ್ಪ, ನನಗೆ ಮಾನ್ವಿ ಮುತ್ಯಾ, ಅಕ್ಕಿ ಗಿರಣಿಯಲ್ಲಿ ಭತ್ತ ನೋಡಿ ತೆಗೆದುಕೊಳ್ಳುವ ಕೆಲಸದವನು. ಚೀಲಕ್ಕೆ ಕೈ ಹಾಕಿ ಒಂದು ಕಾಳು ಹಲ್ಲಿನ ನಡುವೆ ಕಟ್ಟೆಂದು ಕಡಿದು, "ಇನ್ನೂ ಹಸಿ ಅದ, ಒಣಗಿಸ್ಕೊಂಡು ಬರ್ರಿ" ಎನ್ನುತ್ತಿದ್ದ. ಹಲ್ಲು, ನಾಲಿಗೆ ಇವೇ ಅವನ ಹೊಟ್ಟೆಪಾಡು. ಮನೆಗೆ ಬಂದರೂ ಅದೇ ಚಾಳಿ. ಊಟಕ್ಕೆ ಕೂತರೆ ಪಂಚಾಯತಿ ಕೂಡಿಸಿದ ಹಾಗೆ.

"ಯಾರ ಬೇ ಇವತ್ತು ಸಾರಿಗಿ ಹುಳಿ ಹಿಂಡಿದಾಕಿ? ದವಡಿ ಹಿಡಕೊಳ್ತು ನೋಡು. ಬೆಲ್ಲ ಹಾಕಿದ್ರ ನಿಮ್ಮಪ್ಪನ ಗಂಟು ಹೋಗ್ತಿತ್ತೇನು?"

ಮಾನ್ವಿಯ ಅಜ್ಜಿ ಒಲೆಯ ಮುಂದಿನಿಂದಲೇ, "ನೀವು ಬರ್ರಿ, ನೀವು ಹಿಂಡ್ರಿ. ನಾ ಕಟ್ಟಿ ಮ್ಯಾಲ ಕೂತು ಹೆಸರಿಡ್ತೀನಿ" ಎನ್ನುವಳು. ಮರುದಿನ ಸಾರು ಸರಿ ಆಗಿರುತ್ತಿತ್ತು. ಆಗ ಮಾನ್ವಿ ಮುತ್ಯಾ ಬೆರಳು ಚೀಪಿ, "ಇದಕ್ಕ ಸಾರು ಅಂತಾರ" ಎಂದು ಬೀದಿಗೆ ಕೇಳುವ ಹಾಗೆ ಅನ್ನುತ್ತಿದ್ದ. ಅಲ್ಲಿಯೂ ಗಂಗಾಳ ತೊಳೆದು ಕುಡಿಯುವವರೇ. ಆದರೆ ತೊಳೆಯಲು ಅದರಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಇಷ್ಟು ಬೈದಾಡಿದರೂ ಆ ಮನೆಯಲ್ಲಿ ಯಾರೂ ಸಣ್ಣಗಾಗಿರಲಿಲ್ಲ ಎಂಬುದು ನನ್ನ ಸಣ್ಣ ತಲೆಗೂ ಹೊಳೆದಿತ್ತು. ಅವ್ವನನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಆದರೆ ಮೊದಲ ಬಾಣಂತನ ತವರಿನದು, ಎರಡನೆಯದು ಗಂಡನ ಮನೆಯದು ಎಂದು ನಮ್ಮಲ್ಲಿ ರೂಢಿ. ರೊಟ್ಟಿ ಬಡಿಯುವವರೂ ಬೇಕಿತ್ತು. ಬಸ್ಸು ಹತ್ತುವಾಗ ಅವ್ವ ನನಗೆ ಹೇಳಿದಳು:

"ನೀಲಿ, ಇಲ್ಲಿ ಊಟದ ಮಾತು ಅಲ್ಲಿ ಆಡಬ್ಯಾಡ. ಆಯಿ ಕೈ ಬಿದ್ದು ಹೋಗ್ತದ. ಮುದುಕಿ ಜೀವ, ಅದೊಂದೇ ಅದ ಆಕಿಗಿ."

ಆಡಲಿಲ್ಲ. ತಂಬಿಗೆ ಹಿಡಿದು ಹಿತ್ತಲಲ್ಲಿ ನಿಂತೆ.

ಬಯಕೆಯ ಬುತ್ತಿ ತೆಗೆದುಕೊಂಡು ಮಾನ್ವಿ ಮುತ್ಯಾ ನಮ್ಮ ಊರಿಗೆ ಬಂದದ್ದು ಒಂದು ಭಾನುವಾರ. ಬಿದಿರಿನ ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬುತ್ತಿ, ಹುರಿದ ಕಡಲೆ. ಬುಟ್ಟಿಗೆ ಕಟ್ಟಿದ ಬಟ್ಟೆಯೊಳಗಿಂದ ಬೆಳ್ಳುಳ್ಳಿಯ ಘಾಟು ಪಡಸಾಲೆ ತುಂಬ ಹರಡಿತು. ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಗಂಟಲು ಮೇಲೆ ಕೆಳಗೆ ಆಡಿದ್ದನ್ನು ನಾನು ನೋಡಿದೆ. ಆದರೆ ನಮ್ಮ ಮುತ್ಯಾ ಬುಟ್ಟಿಯನ್ನು ಒಯ್ದು ದೇವರ ಜಗಲಿಯ ಪಕ್ಕಕ್ಕೆ ಇಟ್ಟ.

"ಬೀಗರು ದೂರದಿಂದ ಬಂದೀರಿ. ಮೊದಲು ಮನಿ ಪ್ರಸಾದ. ಬುತ್ತಿ ಎಲ್ಲಿಗೂ ಓಡಿ ಹೋಗೂದಿಲ್ಲ."

ಆಯಿ ಅವತ್ತು ಬೆಳಗಿನಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ಹೂರಣದ ಹೋಳಿಗೆ, ಬೇಳೆ ಬಸಿದ ಕಟ್ಟಿನ ಸಾರು, ಬದನೆಕಾಯಿ ತುಂಬುಗಾಯಿ. ಜ್ವರ ಬರುವ ಮೊದಲು ಇದೇ ಬೀಗರು ಅವಳ ಸಾರು ಉಂಡು, ಎರಡು ಮೆಣಸು ಕಡಿಮೆ ಆಯಿತೆಂದು ಜಗಳ ತೆಗೆದು, ಕೊನೆಗೆ ಬಟ್ಟಲಿಗೇ ಬಾಯಿ ಹಚ್ಚಿ ಕುಡಿದಿದ್ದರಂತೆ. ಆಮೇಲೆ ಬಂದರೂ ಚಹಾ ಕುಡಿದು ಬಸ್ಸು ಹಿಡಿಯುತ್ತಿದ್ದರು. ಇವತ್ತು ಆ ಜಗಳ ಮುಂದುವರಿಯುವುದೆಂದು ಅವಳು ನಗುಮುಖದಿಂದ ಕಾದಿದ್ದಳು.

"ಬೀಗರ, ಈ ಸಲ ಮೆಣಸು ಕಡಿಮಿ ಅಂದ್ರ ನಾ ಕೇಳೂದಿಲ್ಲ ನೋಡ್ರಿ."

"ಬಡಸ್ರಿ ಬೀಗತಿ, ಆಮ್ಯಾಲೆ ಮಾತಾಡೂನು."

ಅಪ್ಪನಿಗೆ ಅವತ್ತು ಪಾರಾಗುವ ದಾರಿ ಇರಲಿಲ್ಲ. ಮಾವನ ಮುಂದೆ ಖಾನಾವಳಿಯ ಹೆಸರು ಎತ್ತುವ ಹಾಗಿಲ್ಲ. ಮುತ್ಯಾ, ಮಾನ್ವಿ ಮುತ್ಯಾ, ಅಪ್ಪ, ಕೊನೆಗೆ ನಾನು ಸಾಲಾಗಿ ಕೂತೆವು. ಬೀಗರು ಬುತ್ತಿ ತಂದದ್ದು ಅವ್ವನಿಗಾಗಿ, ಆದ್ದರಿಂದ ಅವಳಿಗೂ ನಡುಮನೆಯ ಬಾಗಿಲ ಬಳಿ ಗಂಗಾಳ ಹಾಕಿದರು. ಸಾರು ಬಿತ್ತು. ಕಮಟು ಎಣ್ಣೆ, ಅದರ ಮೇಲೆ ಸುಟ್ಟ ಸಾಸಿವೆ, ಅದರ ಕೆಳಗೆ ಬಾವಿಯ ಪಾಚಿಯಂಥ ಒಂದು ವಾಸನೆ. ನಾನು ಬಾಯಿಗಿಟ್ಟೆ. ಉಪ್ಪು ನಾಲಿಗೆಯನ್ನು ಕಚ್ಚಿ ಹಿಡಿಯಿತು. ತುಂಬುಗಾಯಿ ಒಡೆದರೆ ಒಳಗೆ ಹುಳ ಕೊರೆದ ಕರಿ ದಾರಿ, ಅದರ ತುಂಬ ಮಸಾಲೆ. ಹೂರಣದ ಬೇಳೆ ರಾತ್ರಿಯೇ ಹುಳಿತಿತ್ತು. ಬೆಲ್ಲದ ಸಿಹಿಯ ಒಳಗಿನಿಂದ ಆ ಹುಳಿ ಹೊರಗೆ ಬಂದಾಗ ಬಾಯಲ್ಲಿ ಬೆಕ್ಕಿನ ವಾಂತಿ ಇಟ್ಟುಕೊಂಡ ಹಾಗಾಯಿತು.

ಮಾನ್ವಿ ಮುತ್ಯಾ ಮೊದಲ ತುತ್ತು ಕಲಸಿ ಬಾಯಿಗೆ ಹಾಕಿದ. ಅಗಿಯುತ್ತಿದ್ದ ದವಡೆ ನಿಂತಿತು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ: ಈಗ ಹೇಳುತ್ತಾನೆ, ಈಗ ಹೇಳುತ್ತಾನೆ! ಅವನು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲ ಬಳಿ ಕುಳಿತಿದ್ದ ಅವ್ವ ತಲೆ ಎತ್ತಿ ಅವನ ಕಡೆ ನೋಡಿ, ಬೇಡ ಎಂಬಂತೆ ಸ್ವಲ್ಪವೇ ತಲೆ ಅಲ್ಲಾಡಿಸಿದಳು. ಅವನು ಅವಳ ಕೈ ನೋಡಿದ, ಮೊಣಕೈಗೆ ಜಾರಿದ ಬಳೆ ನೋಡಿದ. ಬಾಯಿ ಮುಚ್ಚಿದ. ಆಮೇಲೆ ಅವನು ಉಂಡದ್ದು ನೋಡಲಿಕ್ಕೆ ಆಗದು. ಒಂದೊಂದು ತುತ್ತನ್ನೂ ನೀರಿನಿಂದ ಒಳಗೆ ತಳ್ಳಿ, ಹೋಳಿಗೆ ಮುಗಿಸಿ, ಗಂಗಾಳಕ್ಕೆ ನೀರು ಹಾಕಿ, ಉಜ್ಜಿ, ಎತ್ತಿ ಕುಡಿದ. ಕುಡಿದು ನೆಲ ನೋಡಿದ.

ಆಯಿ ಸೌಟು ಹಿಡಿದು ಕಾಯುತ್ತಲೇ ಇದ್ದಳು.

"ಯಾಕ ಬೀಗರ, ಏನೂ ಅನ್ನವಲ್ರಿ?"

"ಊಟ ಆತ್ರಿ ಬೀಗತಿ."

"ಸಾರು ಹೆಂಗಿತ್ತು?"

"ಊಟ ಆತ್ರಿ," ಅಂದ ಅವನು ಮತ್ತೆ. ಅಷ್ಟರಲ್ಲಿ ಅವ್ವ ಎದ್ದು ಹಿತ್ತಲಿಗೆ ಓಡಿದಳು. ಅವಳು ಕಕ್ಕುವ ಸದ್ದು ಪಡಸಾಲೆಯ ತನಕ ಕೇಳಿತು. ನಮ್ಮ ಮುತ್ಯಾ, "ಬಸುರಿ, ಇರೂದೇ" ಅಂದ. ಮಾನ್ವಿ ಮುತ್ಯಾ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ.

ಆಯಿಯ ಮುಖದಿಂದ ನಗು ಇಳಿದುಹೋಯಿತು. ನಮ್ಮ ಮನೆಯವರು ಸುಮ್ಮನಿದ್ದರೆ ಅದು ಮನೆಯ ಕಟ್ಟಳೆ. ಆದರೆ ಈ ಮನುಷ್ಯ ಸುಮ್ಮನಿರುವುದು ಅಂದರೆ? ಗಿರಣಿಯ ಮಾಲಕರ ಮನೆಯ ಮದುವೆಯಲ್ಲೂ ಎಲೆಯ ಮುಂದೆ ಕುಳಿತು ಹೆಸರಿಟ್ಟು ಬಂದವನು ಇವನು. ಆಯಿ ಸೌಟನ್ನು ನೆಲಕ್ಕಿಟ್ಟು, ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ನೀಲಿ, ನನ್ನ ಮಾರಿ ನೋಡು. ಸಾರು ಹೆಂಗಿತ್ತು?"

"ಹೆಸರಿಡಬಾರದು, ಆಯಿ."

"ನಾನೇ ಇಡು ಅನ್ನಾಕತ್ತೀನಿ. ಇಡು."

ಕಟ್ಟೆ ಒಡೆದ ಹಾಗಾಯಿತು. ಇಷ್ಟು ದಿನ ನುಂಗಿದ್ದೆಲ್ಲ ಬಾಯಿಯಿಂದ ಮಾತಾಗಿ ಬಂತು. "ಆಯಿ, ಸಾರು ಸಮುದ್ರ ಆಗ್ಯಾದ. ಎಣ್ಣಿ ನಾತಾ ಹೊಡ್ಯಾಕತ್ತದ. ಬೇಳಿ ಹಳಸಿತ್ತು. ಬದನಿಕಾಯಾಗ ಹುಳ ಇತ್ತು. ಮೊನ್ನಿ ಸಾರಿನಾಗ ಚಿಮಣಿ ಎಣ್ಣಿ ಇತ್ತು. ಪಲ್ಯಾ ಸುಟ್ಟಿತ್ತು. ಗಂಗಾಳ ತೊಳದ ನೀರು ಕುಡದ್ರ ನನಗ ಹೊಟ್ಯಾಗ ಹಾವು ಹರದಂಗ ಆಗ್ತದ. ಅವ್ವ ಮಾನ್ವ್ಯಾಗ ಕಕ್ಕಲಿಲ್ಲ, ಆಯಿ. ಇಲ್ಲೇ ಕಕ್ತಾಳ."

ಆಯಿ ಮಣೆಯ ಮೇಲೆ ಕೂತಳು. ಗೂಡಿನಲ್ಲಿದ್ದ ಸೀಮೆಎಣ್ಣೆ ಬಾಟಲಿ ತೆಗೆದು ಬಿರಡೆ ಎಳೆದು ಮೂಗಿಗೆ ಹಿಡಿದಳು. ಇಂಗಿನ ಡಬ್ಬಿ ತೆಗೆದು ಹಿಡಿದಳು. ಬೆಳ್ಳುಳ್ಳಿಯ ಎಸಳು ಹಿಸುಕಿ ಹಿಡಿದಳು. ಬೆಳಕಿಂಡಿಯ ಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು.

"ವಾಸನಿ ಬರವಲ್ದು ಅಂತ ನನಗ ಗೊತ್ತಿತ್ತು," ಅಂದಳು ನಿಧಾನವಾಗಿ. "ಆದ್ರ ಎಲ್ಲಾರೂ ಗಂಗಾಳ ತೊಳದು ಕುಡೀತಿದ್ರಲ್ಲ. ಕೈ ಇನ್ನೂ ಸರಿ ಅದ ಅನ್ಕೊಂಡೆ."

ಅಳುತ್ತಾಳೆ ಎಂದು ನಾನು ಅಂದುಕೊಂಡೆ. ಅಳಲಿಲ್ಲ. ಎದ್ದು ಸೆರಗು ಸಿಕ್ಕಿಸಿ, ಸಾರಿನ ಪಾತ್ರೆ ಎತ್ತಿಕೊಂಡು ಸೀದಾ ಪಡಸಾಲೆಗೆ ಬಂದು, ಗಂಡಸರ ನಡುವೆ ಧಡ್ ಎಂದು ಇಟ್ಟಳು. ಅವಳು ಮುತ್ಯಾನ ಎದುರು ದನಿ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಇಷ್ಟು ವರ್ಷ ಈ ಹೊಲಸು ಉಂಡು ಸುಮ್ನ ಕೂತಿದ್ರೇನ್ರಿ?"

ಮುತ್ಯಾ ತಬ್ಬಿಬ್ಬಾದ. "ಪ್ರಸಾದಕ್ಕ ಹೆಸರಿಡಬಾರದು ಅಂತ..."

"ಪ್ರಸಾದಕ್ಕ ಇಡಬ್ಯಾಡ್ರಿ. ನನ್ನ ಸಾರಿಗಿ ಇಡಬೇಕಿತ್ತು! ನಿಮ್ಮ ಗಂಗಾಳ ನೋಡಿ ನೋಡಿ ನಾ ಒಲಿ ಹಚ್ಚಿದೆ. ಶಿವಗ ಇಂಥಾದ್ದು ಎಡಿ ಹಿಡದೆ. ಬಸುರಿ ಹೆಂಗಸು ದಿನಾ ಹಿತ್ತಲದಾಗ ಸಾಯಾಕತ್ತಾಳ, ಅದೂ ನಿಮಗ ಪ್ರಸಾದೇನು?" ಆಮೇಲೆ ಅಪ್ಪನ ಕಡೆ ತಿರುಗಿದಳು. "ಏ, ಖಾನಾವಳಿ ಸಾವಕಾರ! ನಿನಗ ಗ್ವತ್ತಿತ್ತಲ್ಲ? ನೀ ಪಾರಾದಿ, ಹೆಂಡ್ತಿನ್ನ ನನ್ನ ಒಲಿ ಮುಂದ ಬಿಟ್ಟು ಹ್ವಾದಿ. ಡೇಗು ಈಗ. ಡೇಗು ನೋಡೂನು."

ಅಪ್ಪನ ಮುಖ ಆ ಸಾರಿನದೇ ಬಣ್ಣಕ್ಕೆ ತಿರುಗಿತು. ಆಯಿ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅನ್ನ ಚೆಲ್ಲುವುದು ಆ ಮನೆಯಲ್ಲಿ ಮಹಾಪಾಪ. ಮುತ್ಯಾ ಗಾಬರಿಯಿಂದ ಹಿಂದೆಯೇ ಹೋದ, ಅವನ ಹಿಂದೆ ನಾವೆಲ್ಲ. ಆಯಿ ಚೆಲ್ಲಲಿಲ್ಲ. ಎಮ್ಮೆಯ ಮುಸುರೆಯ ಬಾನಿಗೆ ಸುರಿದಳು. ಎಮ್ಮೆ ಎದ್ದು ಬಂದು ಮೂಗು ಇಟ್ಟಿತು, ಫುಸ್ ಎಂದು ಉಸಿರು ಬಿಟ್ಟು ಮುಖ ತಿರುವಿತು, ತಿರುಗಿ ಮಲಗಿಕೊಂಡಿತು. ಮಾನ್ವಿ ಮುತ್ಯಾನಿಗೆ ಇಷ್ಟು ಹೊತ್ತು ತಡೆದದ್ದು ಈಗ ಆಗಲಿಲ್ಲ. "ಬೀಗತಿ, ಮೆಣಸು ಕಡಿಮಿ ಆಗಿರಬೇಕು," ಅಂದ. ಆಯಿಗೆ ಸಿಟ್ಟಿನ ನಡುವೆಯೇ ನಗು ಬಂತು. ನಗುತ್ತ, ಮೂಗು ಸೀಟುತ್ತ, ಬಚ್ಚಲ ಗೋಡೆಗೆ ಒರಗಿದ್ದ ಅವ್ವನನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋಗಿ ಬುತ್ತಿಯ ಗಂಟು ತಾನೇ ಬಿಚ್ಚಿದಳು. ಮೊಸರು ಬುತ್ತಿಯ ತುತ್ತು ಮಾಡಿ ಬಾಯಿಗಿಟ್ಟಳು. ಮುತ್ಯಾ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ.

ಬುತ್ತಿ ಒಂದು ಹೊತ್ತಿನದು. ಮರುದಿನದ ಮಾತು? ಮಾನ್ವಿ ಮುತ್ಯಾ ಹೋದ ಮೇಲೆ, ಬೆಳಿಗ್ಗೆ ಎದ್ದು ಅವ್ವ, "ನಾ ಮಾಡ್ತೀನಿ ಬಿಡ್ರಿ ಅತ್ತಿ" ಅಂದಳು. ಆಯಿ ಮಣೆ ಬಿಡಲಿಲ್ಲ.

"ನನ್ನ ಕೈ ಸತ್ತಿಲ್ಲ, ಮೂಗು ಸತ್ತದ. ನೀಲಿ, ಬಾ ಇಲ್ಲಿ ಕುಂದ್ರು."

ಕಮಟು ಎಣ್ಣೆಯನ್ನು ದೀಪಕ್ಕೆ ಎತ್ತಿಟ್ಟು ಹೊಸದು ತರಿಸಿದ್ದಳು. ಬೇಳೆ ಕುದಿಯಿತು. ಅವಳು ಒಂದು ಹನಿ ಸಾರು ನನ್ನ ಅಂಗೈಗೆ ಬಿಟ್ಟಳು. ನಾನು ನೆಕ್ಕಲು ಹೋಗಿ ಹಾಗೇ ನಿಂತೆ. ಅಡುಗೆಮನೆಯ ಬಾಗಿಲಲ್ಲಿ ಮುತ್ಯಾ, ಮೈಮೇಲೆ ಒದ್ದೆ ಪಂಚೆ, ಕೈಯಲ್ಲಿ ಪೂಜೆಯ ತಂಬಿಗೆ. ಎಡೆಗೆ ಮೊದಲು ಎಂಜಲು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಆಯಿ ಮಾತ್ರ ತಿರುಗಿಯೂ ನೋಡಲಿಲ್ಲ.

"ಕೂಸಿನ ಎಂಜಲು ಎಂಜಲಲ್ಲ. ಹೇಳು ಬೇ ನೀಲಿ, ಏನು ಸಾಲವಲ್ದು?"

"ಉಪ್ಪು. ಸ್ವಲ್ಪ. ಹುಳೀನೂ ಬೇಕು."

ಆಯಿ ಹಾಕಿದಳು. ಮತ್ತೆ ಒಂದು ಹನಿ. ನಾನು ನೆಕ್ಕಿ ತಲೆ ಆಡಿಸಿದೆ. ಮುತ್ಯಾ ಅಲ್ಲೇ ನಿಂತಿದ್ದವನು, ತಂಬಿಗೆ ಹಿಡಿದು ಜಗಲಿಗೆ ಹೋದ. ಪೂಜೆ ಮುಗಿಸಿದ, ಎಡೆ ಹಿಡಿದ, ಬಂದು ಗಂಗಾಳದ ಮುಂದೆ ಕೂತ. ಉಂಡ, ತೊಳೆದು ಕುಡಿದ. ಸಿಟ್ಟೋ ಸಮಾಧಾನವೋ ತಿಳಿಯಲಿಲ್ಲ. ನಾಳೆಯಿಂದ ನನ್ನನ್ನು ಒಲೆಯ ಹತ್ತಿರ ಬಿಡುತ್ತಾನೋ ಇಲ್ಲವೋ ಎಂದು ನನಗೆ ಒಂದೇ ಚಿಂತೆ.

ಅವ್ವ ಉಂಡಳು. ಮೂರು ಜನ ಹೆಂಗಸರು ನಡುಮನೆಯಲ್ಲಿ ಕೂತೆವು, ನನ್ನನ್ನೂ ಹೆಂಗಸು ಎಂದು ಲೆಕ್ಕ ಹಿಡಿದರೆ. ಆಯಿ ಅವ್ವನ ಬೆನ್ನ ಮೇಲೆ ಕೈ ಇಟ್ಟು, ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟುಕೊಂಡು ಕಾದಳು. ಹೊರಗೆ ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂತು. ಅವ್ವ ಒಂದು ಸಲ ಬಾಯಿಗೆ ಸೆರಗು ಒಯ್ದಳು. ಆಯಿಯ ಕೈ ಬಿಗಿಯಾಯಿತು. ಅವ್ವ ತುಟಿ ಒರೆಸಿಕೊಂಡಳು, ಅಷ್ಟೇ.

"ಅತ್ತಿ," ಅಂದಳು, ತಪ್ಪು ಮಾಡುವವಳ ಹಾಗೆ ಸಣ್ಣ ದನಿಯಲ್ಲಿ. "ಸಂಜಿಗಿ ಏನು ಮಾಡ್ತೀರಿ?"

"ನಿನಗ ಏನು ಬೇಕು ಹೇಳು."

ಅಂಥ ಮಾತನ್ನು ಆ ಮನೆಯ ಗೋಡೆಗಳು ಕೇಳಿರಲಿಲ್ಲ. ಅವ್ವ ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು.

"ಪುಂಡಿಪಲ್ಯಾ. ಹುಳಿ ಹುಳಿ. ಹಸಿಮೆಣಸಿನಕಾಯಿ ಜಾಸ್ತಿ ಹಾಕಿ."

ಪಡಸಾಲೆಯಲ್ಲಿ ಮುತ್ಯಾ ಕೆಮ್ಮಿದ. ಅವ್ವನ ತಲೆ ಬಗ್ಗಿತು, ಆಯಿ ಸೆಟೆದು ಕೂತಳು. ಚಪ್ಪಲಿ ಮೆಟ್ಟಿದ ಸದ್ದು ಕೇಳಿತು.

"ನೀಲಿ," ಎಂದು ಕೂಗಿದ ಮುತ್ಯಾ. "ಚೀಲ ತಗೊಂಡು ಬಾ. ಸಂತಿ ಎದ್ದು ಹೋಗೂದ್ರೊಳಗ ಎಳೀ ಪುಂಡಿಪಲ್ಯಾ ನೋಡಿ ತರೂನು."